ಅಜ್ಜನ ನಾಲಿಗೆ

ಅಕ್ಟೋಬರ್ ೨, ಮಂಗಳವಾರ

ಹೊಸ ಪುಸ್ತಕ ಶುರುಮಾಡಿದ್ದೇನೆ. ಹಳೆಯದರಲ್ಲಿ ಇನ್ನೂ ಹಾಳೆಗಳಿವೆ, ಆದರೆ ಅದು ಕಾಲೇಜಿನ ದಿನಗಳದ್ದು. ಅದರಲ್ಲಿ ಟೇಬಲ್ಲು ಒರೆಸಿದ ಸುದ್ದಿ ಬರೆಯಲು ಮನಸ್ಸಾಗಲಿಲ್ಲ.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ವರ್ಲೀನ್ ಅತ್ತೆ ಕರೆದು ಒಂದು ಕಟ್ಟು ಬಿಳಿ ಕಾರ್ಡು ಕೈಗಿಟ್ಟಳು. ಈ ತಿಂಗಳ ಇಪ್ಪತ್ತೆಂಟಕ್ಕೆ ಅಜ್ಜನಿಗೆ ತೊಂಬತ್ತು ತುಂಬುತ್ತದೆ. ಆ ಭಾನುವಾರ ನಮ್ಮ ಚರ್ಚಿನ ಸಭೆಯವರಿಗೆಲ್ಲ ನಮ್ಮ ಡೈನರಿನಲ್ಲೇ, ಅತ್ತೆ ನಡೆಸುವ ಮಾಂಸವಿಲ್ಲದ ಈ ಹೋಟೆಲಿನಲ್ಲೇ ಊಟ. ಪ್ರತಿ ಪಾತ್ರೆಯ ಮುಂದೆ ಒಂದು ಕಾರ್ಡು ಇರಬೇಕು, ಅದಕ್ಕೆ ಏನೇನು ಬಿದ್ದಿದೆ ಎಂದು ದುಂಡಗೆ ಬರೆದಿರಬೇಕು. ಜೊತೆಗೆ ಅಜ್ಜನ ಬಗ್ಗೆ ಒಂದು ಪುಟ, ಊಟಕ್ಕೆ ಮೊದಲು ಓದಲಿಕ್ಕೆ.

ನನ್ನ ಮುಖ ನೋಡಿ ಅವಳೇ ಅಂದಳು: "ಹೆದರ್ಬೇಡ, ಓದೋಕೆ ಪಾಸ್ಟರ್ ಇದಾರೆ. ನೀನು ಬರೆದ್ರೆ ಸಾಕು. ನಾಲ್ಕು ವರ್ಷ ಸಾಹಿತ್ಯ ಅಂತ ಓದಿದೀಯಲ್ಲ ಟ್ಯಾಬಿ, ಒಂದಿನಕ್ಕಾದ್ರೂ ಉಪಯೋಗಕ್ಕೆ ಬರ್ಲಿ."

ತಲೆಯಾಡಿಸಿದೆ. ನಾನೂ ಅತ್ತೆಯೂ ಮಾತಿಗಿಂತ ಚೀಟಿಯಲ್ಲಿ ವ್ಯವಹರಿಸುವುದೇ ಹೆಚ್ಚು. 'ಮೊಟ್ಟೆ ಮುಗಿದಿದೆ' ಎಂದು ನಾನು ಫ್ರಿಜ್ಜಿಗೆ ಅಂಟಿಸುತ್ತೇನೆ. ಅದರ ಕೆಳಗೇ ಅವಳು 'ತಂದಿದೀನಿ' ಎಂದು ಗೀಚಿರುತ್ತಾಳೆ. ಮೇ ತಿಂಗಳಲ್ಲಿ ಪದವಿ ಮುಗಿಸಿ ನಮ್ಮೂರು ಕೆಡ್ರನ್‌ಗೆ ಮರಳಿದಾಗಿನಿಂದ ಇದೇ ಪದ್ಧತಿ. ಗಿರಾಕಿಗಳ ಹತ್ತಿರವೂ ಅಷ್ಟೇ. ಅವರು ಪಟ್ಟಿಯ ಮೇಲೆ ಬೆರಳಿಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಅಜ್ಜನ ಪುಟದ ಮೊದಲ ಸಾಲು ತಾನಾಗಿ ಬಂತು: 'ಆರಿನ್ ನೀಲ್ಸನ್ ತೊಂಬತ್ತು ವರ್ಷ ಒಂದು ತುತ್ತು ಮಾಂಸ ತಿಂದವರಲ್ಲ.' ನಮ್ಮ ಸಭೆಯಲ್ಲಿ ಮಾಂಸ ಬಿಟ್ಟವರು ಬೇಕಾದಷ್ಟು ಜನ. ಆದರೆ ಆ ವಯಸ್ಸಿನವರಲ್ಲಿ, ಹುಟ್ಟಿದಾಗಿನಿಂದ ಮುಟ್ಟೇ ಇಲ್ಲ ಎನ್ನಬಲ್ಲವರು ಅಜ್ಜ ಒಬ್ಬರೇ ಉಳಿದಿದ್ದಾರೆ. ಕೊರಿಯಾದ ಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಕೆಲಸದಲ್ಲಿದ್ದಾಗ ಎರಡು ವರ್ಷ ಬ್ರೆಡ್ಡು, ಕಡಲೆಕಾಯಿ ಬೆಣ್ಣೆಯಲ್ಲೇ ಕಳೆದರಂತೆ. ಆ ಕಥೆ ಎರಡನೇ ಪ್ಯಾರಾಕ್ಕೆ.

ಅಕ್ಟೋಬರ್ ೪, ಗುರುವಾರ

ಒಂಬತ್ತು ಕಾರ್ಡು ಮುಗಿದವು. ಹತ್ತನೆಯದು ಲೋಫ್.

ಅಕ್ರೋಟು, ಕಾಟೇಜ್ ಚೀಸ್, ಮೊಟ್ಟೆ, ಕಾರ್ನ್‌ಫ್ಲೇಕ್ಸ್ ಕಲಸಿ ಮಾಂಸದ ಬದಲಿಗೆ ಇಟ್ಟಿಗೆಯ ಹಾಗೆ ಬೇಯಿಸುವುದು. ಸಭೆಯ ಪ್ರತಿ ಮನೆಯಲ್ಲೂ ಮಾಡುತ್ತಾರೆ, ಅತ್ತೆಯದ್ದರ ಹಾಗೆ ಯಾರದ್ದೂ ಆಗುವುದಿಲ್ಲ. ಅದನ್ನು ತಿನ್ನಲೆಂದೇ ಒಂದು ಗಂಟೆ ಕಾರು ಓಡಿಸಿಕೊಂಡು ಬರುವವರಿದ್ದಾರೆ.

ಅತ್ತೆಯ ಪಟ್ಟಿಯ ಕೊನೆಯಲ್ಲಿ 'ಪುಡಿ' ಎಂದಿತ್ತು. 'ಯಾವ ಪುಡಿ?' ಎಂದು ಚೀಟಿ ಅಂಟಿಸಿದೆ. 'ಉಗ್ರಾಣ, ಹಳದಿ ಮುಚ್ಚಳ' ಎಂದು ಉತ್ತರ ಬಂತು.

ಈರುಳ್ಳಿ ಸೂಪಿನ ಪುಡಿಯ ದೊಡ್ಡ ಡಬ್ಬ. ಮುಂದೆ ಈರುಳ್ಳಿಯ ಚಿತ್ರ, ಹಿಂದೆ ಇರುವೆ ಸಾಲಿನಂಥ ಅಕ್ಷರ. ಸಣ್ಣ ಅಕ್ಷರ ಕಂಡರೆ ಓದದೆ ಬಿಡಲಾರೆ, ಅದು ನನ್ನ ಚಟ. ಒಣ ಈರುಳ್ಳಿ, ಉಪ್ಪು, ಜೋಳದ ಹಿಟ್ಟು, ಸಕ್ಕರೆ, ಸುಟ್ಟ ಸಕ್ಕರೆಯ ಬಣ್ಣ. ಆರನೆಯದು ದನದ ಕೊಬ್ಬು. ಒಂಬತ್ತನೆಯದು ದನದ ಮಾಂಸದ ಸತ್ವ.

ಮೂರು ಸಲ ಓದಿದೆ. ಪದ್ಯವಾಗಿದ್ದರೆ ಬೇರೆ ಏನಾದರೂ ಅರ್ಥ ಹೊರಡಿಸುತ್ತಿದ್ದೆ.

ಮುಚ್ಚಳ ಹಾಕಿ ಹೊರಗೆ ಬಂದೆ. ಹತ್ತನೇ ಕಾರ್ಡು ಖಾಲಿ ಇದೆ.

ಅಕ್ಟೋಬರ್ ೫, ಶುಕ್ರವಾರ

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಮುಳುಗುವ ತನಕ ಸಬ್ಬತ್ತು, ನಮ್ಮ ವಿಶ್ರಾಂತಿಯ ದಿನ. ಅದರ ಅಡುಗೆಯೆಲ್ಲ ಮೊದಲೇ ಮುಗಿಯಬೇಕಾದ್ದರಿಂದ ಶುಕ್ರವಾರ ಅಡುಗೆಮನೆಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಜೇಬಿನಲ್ಲಿ ಚೀಟಿ ಇಟ್ಟುಕೊಂಡಿದ್ದೆ: 'ಪುಡಿಯಲ್ಲಿ ದನ ಇದೆ.' ತೆಗೆದು ನೋಡಿದರೆ ಯಾರೋ ಹುಚ್ಚರು ಬರೆದ ಹಾಗಿತ್ತು. ಹರಿದು ಹಾಕಿದೆ.

"ಟ್ಯಾಬಿ, ಹನ್ನೆರಡು ಚಮಚ ಅಳೆದ್ಕೊಡು," ಎಂದಳು ಅತ್ತೆ, ಕೈಯೆಲ್ಲ ಚೀಸು.

ಅಳೆದುಕೊಟ್ಟೆ.

ಅಕ್ಟೋಬರ್ ೭, ಭಾನುವಾರ

ನಿನ್ನೆ ಚರ್ಚಿನ ಊಟದಲ್ಲಿ ನನಗೆ ಹೊಟ್ಟೆನೋವೆಂದು ಹೇಳಿ ತಟ್ಟೆಗೆ ಬರೀ ಸೊಪ್ಪು ಹಾಕಿಕೊಂಡು ಕೂತೆ. ಎಲ್ಲರೂ ತಿಂದರು. ಅಜ್ಜ ಎರಡನೇ ಸಲ ಹಾಕಿಸಿಕೊಂಡರು. ಪಕ್ಕದಲ್ಲಿದ್ದ ಮಗುವಿಗೆ "ತಿನ್ನು ಮರಿ, ಗಟ್ಟಿಯಾಗ್ತೀಯ" ಎಂದರು.

ಸೂರ್ಯ ಮುಳುಗಿದ ಮೇಲೆ ರೂಢಿಯಂತೆ ಹೆದ್ದಾರಿಯ ಬರ್ಗರ್ ಅಂಗಡಿಗೆ ಹೋದೆವು. ಅಜ್ಜನಿಗೆ ಅಲ್ಲಿಯ ಫ್ರೈಸು, ಮಿಲ್ಕ್‌ಶೇಕು ಬೇಕು. "ವಾರಕ್ಕೊಂದೇ ಒಂದು ಲೋಕದ ಆಸೆ" ಎನ್ನುತ್ತಾರೆ. ನಾನು ಕಾರು ಓಡಿಸುತ್ತೇನೆ. ಅಲ್ಲಿ ಕಾರಿನಿಂದ ಇಳಿಯದೆ ಒಂದು ಮಾತಾಡುವ ಪೆಟ್ಟಿಗೆಗೆ ಬೇಕಾದ್ದನ್ನು ಹೇಳಬೇಕು, ಅದರ ಎದುರು ನಾನು ಬಾಯಿ ಬಿಡುವವಳಲ್ಲ. ಹಿಂದಿನ ಸೀಟಿನಿಂದ ಅತ್ತೆ ನನ್ನ ಕಿವಿಯ ಮೇಲೇ ಕೂಗಿ ಹೇಳುವುದು ರೂಢಿ. ನಿನ್ನೆ ಪೆಟ್ಟಿಗೆಯನ್ನು ಕೇಳಬೇಕೆನಿಸಿತು, ಫ್ರೈಸಿಗೆ ಏನು ಹಾಕುತ್ತೀರಿ ಎಂದು. ಬಾಯಿ ತೆರೆದೆ, ಮುಚ್ಚಿದೆ.

ಇವತ್ತು 'ಹಳದಿ ಮುಚ್ಚಳ ಎಷ್ಟು ವರ್ಷದಿಂದ?' ಎಂದು ಚೀಟಿ ಅಂಟಿಸಿದೆ. ಅತ್ತೆ ಖುಷಿಯಲ್ಲಿದ್ದಳು, ಬಾಯಲ್ಲೇ ಹೇಳಿದಳು.

"ಹದಿನಾಲ್ಕು ವರ್ಷ ಆಯ್ತು. ಮೊದ್ಲು ನಮ್ಮೋರದ್ದೇ ಅಂಗಡಿಯಿಂದ ಪೊಟ್ಟಣ ಬರ್ತಿತ್ತು, ಅದು ಮುಚ್ಚಿಹೋಯ್ತು. ಆಗೊಬ್ಬ ಮಾರೋನು ಈ ಡಬ್ಬ ತಂದ. ಅವನ ಮಾತು ಕೇಳಿ ತಗೊಳ್ಳೋಕೆ ನಾನೇನು ದಡ್ಡಿಯಾ? ಅಪ್ಪನ ಮುಂದಿಟ್ಟೆ."

ಅದು ಈ ಅಡುಗೆಮನೆಯ ಕಟ್ಟಳೆ. ಹೊಸದೇನು ಬಂದರೂ ಮೊದಲು ಅಜ್ಜನ ನಾಲಿಗೆಗೆ. ಊರಿನಲ್ಲೇ ಅತಿ ಶುದ್ಧವಾದ ನಾಲಿಗೆ ಅವರದ್ದು ಎಂದು ಎಲ್ಲರಿಗೂ ನಂಬಿಕೆ. ಚರ್ಚಿನ ಹೆಂಗಸರೂ ಹೊಸ ಪೊಟ್ಟಣ ತಂದರೆ ಅವರ ಹತ್ತಿರ ಒಯ್ಯುತ್ತಾರೆ.

"ಬಿಸಿನೀರಲ್ಲಿ ಒಂದು ಚಮಚ ಕದಡಿ ಕೊಟ್ಟೆ," ಎಂದಳು ಅತ್ತೆ. "ಅಪ್ಪ ಕಣ್ಣು ಮುಚ್ಕೊಂಡ್ರು. ಲೋಟ ಪೂರ್ತಿ ಕುಡಿದ್ರು. ಆಮೇಲೆ ಅಂದ್ರು, 'ವರ್ಲೀನ್, ಇಷ್ಟು ಒಳ್ಳೆ ಈರುಳ್ಳಿ ನಾನು ಹುಟ್ಟಿದ್ಮೇಲೆ ತಿಂದಿಲ್ಲ.'"

ಅವಳು ನಕ್ಕಳು. ನಾನೂ ನಗಲು ನೋಡಿದೆ. ಒಂದು ಸಲವೂ ಮಾಂಸ ಮುಟ್ಟದ ನಾಲಿಗೆಗೆ ಮಾಂಸ ಬಂದಾಗ ಗುರುತು ಸಿಗುವುದು ಹೇಗೆ? ಹದಿನಾಲ್ಕು ವರ್ಷ ಯಾರಿಗೂ ಈ ಪ್ರಶ್ನೆ ಹೊಳೆದಿಲ್ಲ. ನನಗೂ ಮೊನ್ನೆಯವರೆಗೆ ಹೊಳೆದಿರಲಿಲ್ಲ.

ಅಕ್ಟೋಬರ್ ೯, ಮಂಗಳವಾರ

ಪುಡಿಯ ಕಂಪನಿಗೆ ಫೋನು ಮಾಡಿದೆ. ಕೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಆ ಕಡೆಯಿಂದ "ಹೇಳಿ" ಎಂದ ಕೂಡಲೇ ಇಟ್ಟುಬಿಟ್ಟೆ.

ಅಕ್ಟೋಬರ್ ೧೦, ಬುಧವಾರ

ಮತ್ತೆ ಮಾಡಿದೆ. ಬರೆದದ್ದನ್ನೇ ಓದಿದೆ. ಆ ಹೆಂಗಸು ಸಮಾಧಾನಿ. "ಹೌದಮ್ಮ, ಮೊದಲಿಂದ್ಲೂ ಇದೆ. ಡಬ್ಬದ ಮೇಲೇ ಹಾಕಿದೀವಲ್ಲ?" ಎಂದಳು. ಹಾಕಿದ್ದಾರೆ. ಅವರದ್ದು ತಪ್ಪೇನೂ ಇಲ್ಲ. ತಪ್ಪು ಯಾರದ್ದು ಎಂದು ಒಂದು ಗಂಟೆ ಕೂತು ಯೋಚಿಸಿದೆ. ಸರದಿಯಲ್ಲಿ ಎಲ್ಲರ ಮೇಲೂ ಹೊರಿಸಿ ನೋಡಿದೆ, ಯಾರ ಮೇಲೂ ನಿಲ್ಲಲಿಲ್ಲ.

ಅಕ್ಟೋಬರ್ ೧೨, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ನಮ್ಮಲ್ಲಿ ಕಾವಲಿಯ ಮುಂದೆ ನಿಲ್ಲುವವರು ಬ್ರದರ್ ಡುವೇನ್ ಕೋಸಿಕ್. ಅರವತ್ತರ ಹತ್ತಿರದ ದಪ್ಪ ಮನುಷ್ಯ. ಡೆಟ್ರಾಯ್ಟಿನಲ್ಲಿ ಅವರಪ್ಪನ ಸಾಸೇಜ್ ಅಂಗಡಿಯಿತ್ತು. ಹನ್ನೊಂದು ವರ್ಷದ ಹಿಂದೆ ನಮ್ಮ ಸಭೆ ಸೇರಿ, ಮಾಂಸ, ಬಿಯರು, ಶನಿವಾರದ ಫುಟ್‌ಬಾಲು ಒಂದೇ ದಿನ ಬಿಟ್ಟವರು. ಚರ್ಚಿನಲ್ಲಿ ಅವರ ಸಾಕ್ಷಿ, ಅಂದರೆ ಅವರು ಬದಲಾದ ಕಥೆ, ಹೇಳಿಸಿದಾಗೆಲ್ಲ ಜನ ಅಳುತ್ತಾರೆ.

ಮಧ್ಯಾಹ್ನ ಅವರು ಲೋಫಿನ ಅಂಚಿನ ತುಂಡು ಕತ್ತರಿಸಿ ನನ್ನ ಕಡೆ ಚಾಚಿದರು. ಬೇಡವೆಂದು ಕೈಯಾಡಿಸಿದೆ.

"ಒಂದು ವಾರ ಆಯ್ತು ಸಿಸ್ಟರ್ ಟ್ಯಾಬಿತಾ, ನೀನಿದನ್ನ ಮುಟ್ಟಿಲ್ಲ," ಎಂದರು. ಆಮೇಲೆ ಅತ್ತೆ ಎಲ್ಲಿದ್ದಾಳೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ: "ಓದಿಬಿಟ್ಯಾ?"

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. "ನಿಮಗೆ ಗೊತ್ತಿತ್ತಾ?"

"ಇಪ್ಪತ್ತು ವರ್ಷ ದನದ ಎಲುಬು ಕುದಿಸಿದ ಮೂಗು ಕಣಮ್ಮ ಇದು. ಮೊದಲ್ನೇ ತುತ್ತಿಗೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ಕಾವಲಿ ಕೆರೆಯುತ್ತ ನಿಂತರು. ಬಹಳ ಹೊತ್ತು ಕೆರೆದರು, ಅದರ ಮೇಲೆ ಏನೂ ಇರಲಿಲ್ಲ.

"ಆಗ ನನ್ನ ಹೆಂಡ್ತಿ ಬಿಟ್ಟುಹೋಗಿದ್ಲು. ಯಾರೋ ಇಲ್ಲಿ ಊಟಕ್ಕೆ ಕರ್ಕೊಂಡ್ಬಂದ್ರು. ಹುಲ್ಲು ತಿನ್ನೋ ಜನ, ಏನು ಬಡಿಸ್ತಾರೋ ಅಂತ ಕೂತಿದ್ದೆ. ನಿಮ್ಮತ್ತೆ ಈ ಲೋಫ್ ಹಾಕಿದ್ಲು. ತಿಂದೆ. ದೇವ್ರಾಣೆ, ಅತ್ತುಬಿಟ್ಟೆ. ಇಂಥದ್ದು ಸಿಗೋದಾದ್ರೆ ನಾನೂ ಮಾಂಸ ಬಿಡಬಲ್ಲೆ ಅಂದ್ಕೊಂಡೆ. ಮುಂದಿನ ತಿಂಗಳೇ ದೀಕ್ಷಾಸ್ನಾನ ತಗೊಂಡೆ."

"ಆದ್ರೆ ಅದೇ ಮಾಂಸ."

"ಅದೇ ಅಲ್ವಾ ಮತ್ತೆ!" ಎಂದರು. "ಮೊದಲ ವರ್ಷ ಅಂದ್ಕೊಂಡೆ, ನನ್ನಂಥ ಬಡಪಾಯಿಗೆ ಅಂತ ದೇವರೇ ಸ್ವಲ್ಪ ರಿಯಾಯ್ತಿ ಕೊಟ್ಟಿರ್ಬೇಕು ಅಂತ. ಎರಡ್ನೇ ವರ್ಷ ನಾಚಿಕೆ ಆಯ್ತು. ಆಮೇಲೆ ಹೇಳೋಕೆ ತಡ ಆಗೋಗಿತ್ತು. ವರ್ಲೀನ್ ಮುಖ ನೋಡಿ ಹೆಂಗೆ ಹೇಳ್ತೀಯ, ನಿಂಗಾಗುತ್ತಾ?"

ಆಗುವುದಿಲ್ಲ ಎಂದೆ. ಸೂರ್ಯಾಸ್ತಕ್ಕೆ ಮೊದಲು ಹನ್ನೆರಡು ಲೋಫ್ ಎಂದಿನಂತೆ ಬೆಂದವು.

ಅಕ್ಟೋಬರ್ ೧೫, ಸೋಮವಾರ

ಪುಟಕ್ಕೆ ಮೊದಲ ಸಾಲು ಬಿಟ್ಟರೆ ಏನೂ ಸೇರಿಲ್ಲ. ಆ ಸಾಲನ್ನು ಅಳಿಸಿದ್ದೂ ಇಲ್ಲ.

ಅಕ್ಟೋಬರ್ ೧೮, ಗುರುವಾರ

ಒಂದು ದಾರಿ ತೋಚಿದೆ. ಯಾರಿಗೂ ಹೇಳದೆ ಪುಡಿಯನ್ನೇ ಬದಲಿಸಿಬಿಡುವುದು. ಒಣ ಅಣಬೆ ಅರೆದು, ಈರುಳ್ಳಿಯನ್ನು ಕಪ್ಪಾಗುವ ತನಕ ಹುರಿದು, ಯೀಸ್ಟಿನ ಪುಡಿ, ಸ್ವಲ್ಪ ಸೋಯಾ ಸಾಸು ಸೇರಿಸಿ ಹಳದಿ ಮುಚ್ಚಳದ ಡಬ್ಬಕ್ಕೆ ತುಂಬಿದರೆ ಅಜ್ಜನಿಗೆ ಹುಟ್ಟುಹಬ್ಬದ ದಿನ ಸಿಗುವುದು ನಿಜವಾದ ಲೋಫ್. ಹಿಂದಿನದ್ದು ಹಿಂದೆಯೇ ಇರುತ್ತದೆ.

ಅತ್ತೆ ಪೇಟೆಗೆ ಹೋದಾಗ ಡುವೇನ್ ಜೊತೆ ಮಾಡಿ ನೋಡಿದೆ. ಇಡೀ ಊರಿನಲ್ಲಿ ರುಚಿ ನೋಡಿ ಹೇಳಬಲ್ಲವರು ಅವರೊಬ್ಬರೇ.

ಮೊದಲ ಸಲ: "ಕಾಡಿನ ನೆಲ ನೆಕ್ಕಿದ ಹಾಗಿದೆ."

ಎರಡನೇ ಸಲ: "ಒಳ್ಳೇ ಮನುಷ್ಯ, ಆದ್ರೆ ಬೇರೆ ಮನುಷ್ಯ."

ಮೂರನೆಯದನ್ನು ಪೂರ್ತಿ ತಿಂದರು. "ನಂಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾಗಲ್ಲ. ನಡೀತದೆ," ಎಂದು ಇನ್ನೊಂದು ತುಂಡು ತೆಗೆದುಕೊಂಡರು. ಅವರ ಮುಖ ಯಾಕೋ ಸಣ್ಣದಾಗಿತ್ತು.

ಡಬ್ಬ ಖಾಲಿ ಮಾಡಲು ಕೈ ಬರಲಿಲ್ಲ. ಹೊಸ ಪುಡಿ ನನ್ನ ಚೀಲದಲ್ಲಿದೆ.

ಅಕ್ಟೋಬರ್ ೨೧, ಭಾನುವಾರ

ಮೊನ್ನೆಯೂ ಹಳೆಯ ಪುಡಿಯೇ. ನಾನು ಚೀಲ ತೆರೆಯಲಿಲ್ಲ.

ನಿನ್ನೆ ಸಂಜೆ ಹೆದ್ದಾರಿಯ ಅಂಗಡಿಯಲ್ಲಿ ದುಡ್ಡು ಕೊಡುವ ಕಿಟಕಿಯ ಹುಡುಗಿಯನ್ನು ಫ್ರೈಸಿನ ಬಗ್ಗೆ ಕೇಳಿದೆ. ಎಣ್ಣೆ ಸಸ್ಯದ್ದೇ ಅಂತೆ. ಆದರೆ ಆಲೂಗಡ್ಡೆ ಕತ್ತರಿಸಿಯೇ ಬರುತ್ತದಂತೆ, ಚೀಲದ ಮೇಲೆ 'ಸಹಜ ಸ್ವಾದ' ಎಂದಿದೆಯಂತೆ. ಯಾವುದರ ಸ್ವಾದ ಎಂದು ಕೇಳಿದರೆ, "ಸಹಜವಾದ್ದು" ಎಂದಳು. ಮೇಲಿನವರಿಗೆ ಬರೆದು ಕೇಳಲು ವಿಳಾಸ ಕೊಟ್ಟಳು. ಬರೆದಿದ್ದೇನೆ.

ಅಜ್ಜ ಪಕ್ಕದಲ್ಲೇ ಫ್ರೈಸು ತಿನ್ನುತ್ತ, "ಏನಂತೆ ಮರಿ?" ಎಂದರು. "ಏನಿಲ್ಲ ಅಜ್ಜ, ಬಿಸಿಯಿದೆ, ನಿಧಾನ" ಎಂದೆ. ಇದು ಸುಳ್ಳೋ, ಮಾತು ತಪ್ಪಿಸಿದ್ದೋ? ಕಾಲೇಜಿನಲ್ಲಾಗಿದ್ದರೆ ಇದರ ಮೇಲೆ ಹತ್ತು ಪುಟ ಬರೆದುಕೊಡುತ್ತಿದ್ದೆ.

ಅಕ್ಟೋಬರ್ ೨೬, ಶುಕ್ರವಾರ

ಹೇಳಿಬಿಟ್ಟೆ.

ಭಾನುವಾರದ ಹಬ್ಬವಿದೆಯೆಂದು ಈ ಶನಿವಾರ ಚರ್ಚಿನ ಊಟವಿಲ್ಲ, ಹಬ್ಬಕ್ಕೇ ಮೂವತ್ತು ಲೋಫ್ ಆಗಬೇಕಿತ್ತು. ಅತ್ತೆ ಹಳದಿ ಮುಚ್ಚಳ ತಿರುವಿದಳು. ನಾನು ಡಬ್ಬದ ಬಾಯಿಗೆ ಅಂಗೈ ಅಡ್ಡ ಇಟ್ಟೆ.

"ಏನೇ ಇದು, ಕೈ ತೆಗಿ."

"ಇದರಲ್ಲಿ ದನದ ಕೊಬ್ಬಿದೆ ಅತ್ತೆ. ಮಾಂಸದ ಸತ್ವಾನೂ ಇದೆ. ಕಂಪನಿಗೆ ಫೋನ್ ಮಾಡಿ ಕೇಳ್ದೆ. ಮೊದಲಿಂದ್ಲೂ ಇದೆಯಂತೆ."

ಅವಳು ಡಬ್ಬ ಎತ್ತಿ ಹಿಂಬದಿ ನೋಡಿದಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಕಿಟಕಿಯ ಬೆಳಕಿಗೆ ಒಯ್ದಳು. ಅವಳಿಗೆ ಆ ಅಕ್ಷರ ಕಾಣುವುದೇ ಇಲ್ಲ ಎಂದು ನನಗೆ ಆಗ ಗೊತ್ತಾಯಿತು. ಎಷ್ಟು ವರ್ಷದಿಂದ ಕಾಣುತ್ತಿಲ್ಲವೋ.

"ಓದು," ಎಂದಳು.

ಓದಿದೆ. ಕಾವಲಿಯ ಹತ್ತಿರ ಡುವೇನ್ ತಲೆ ಎತ್ತಲಿಲ್ಲ.

ಅತ್ತೆ ಸ್ಟೂಲು ಎಳೆದುಕೊಂಡು ಕೂತಳು. ಗಡಿಯಾರ ನೋಡಿದಳು. "ಸೂರ್ಯ ಮುಳುಗೋಕೆ ಇನ್ನೂ ಮೂರು ಗಂಟೆ ಇದೆ. ಬೇರೆ ಏನು ಹಾಕೋದು?" ನಾನು ಚೀಲದಿಂದ ನನ್ನ ಪುಡಿ ತೆಗೆದೆ. ಅತ್ತೆ ಮೂಸಿ ನೋಡಿ ಕಲಸತೊಡಗಿದಳು. ಹಳೆಯದನ್ನು ಹಿತ್ತಲಿನ ಕಸದ ತೊಟ್ಟಿಗೆ ತಾನೇ ಸುರಿದು ಬಂದಳು. ಬಾಗಿಲ ಮೇಲಿನ 'ಮಾಂಸದ ಒಂದು ತುಣುಕೂ ಇಲ್ಲ' ಎಂಬ ಹಲಗೆಯನ್ನು ಕುರ್ಚಿ ಹತ್ತಿ ಇಳಿಸಿದಳು.

ಕೊನೆಯ ತಟ್ಟೆ ಒಲೆಯಿಂದ ಇಳಿದಾಗ ನನ್ನ ತೋಳು ಹಿಡಿದಳು. "ಅಪ್ಪಂಗೆ ಹೇಳ್ಬೇಡ. ನನ್ನ ಹೋಟ್ಲು ಮುಚ್ಚಿದ್ರೂ ಚಿಂತೆಯಿಲ್ಲ. ಅವರ ತೊಂಬತ್ತು ವರ್ಷ ಅವರಿಗಿರ್ಲಿ. ಇನ್ನೆಷ್ಟು ದಿನ ಇರ್ತಾರೆ? ಮಾತು ಕೊಡು."

ಕೊಟ್ಟೆನೋ ಇಲ್ಲವೋ ನೆನಪಾಗುತ್ತಿಲ್ಲ. ತಲೆಯಾಡಿಸಿರಬೇಕು. ನಾನು ಯಾವಾಗಲೂ ತಲೆಯಾಡಿಸುತ್ತೇನೆ.

ಅಕ್ಟೋಬರ್ ೨೮, ಭಾನುವಾರ

ನೂರಿಪ್ಪತ್ತು ಜನ. ಮೂಲೆಯಲ್ಲಿ ಅಜ್ಜ, ಹೊಸ ನೀಲಿ ಟೈ ಕಟ್ಟಿಕೊಂಡು. ನನ್ನ ಪುಟ ಪಾಸ್ಟರ್ ಕೈಯಲ್ಲಿತ್ತು. ನಿನ್ನೆ ಸಂಜೆ ಹೇಗೋ ತುಂಬಿಸಿದ್ದೆ. ಮೊದಲ ಸಾಲು ಅದೇ.

ಅತ್ತೆಯ ಮನೆಯಲ್ಲಿ ಹುಟ್ಟುಹಬ್ಬದವರಿಗೆ ಮೊದಲ ತುತ್ತು, ಆಮೇಲೆ ಉಳಿದದ್ದೆಲ್ಲ. ಲೋಫಿನ ನಡುವಿನ ತುಂಡು ಕತ್ತರಿಸಿ ನಾನೇ ಒಯ್ದು ಕೊಟ್ಟೆ. ಅಜ್ಜ ಕಣ್ಣು ಮುಚ್ಚಿ ಅಗಿದರು. ಕಣ್ಣು ತೆರೆದರು. ಇನ್ನೊಂದು ತುತ್ತು ತೆಗೆದುಕೊಂಡು ಮತ್ತೆ ಮುಚ್ಚಿದರು.

"ಇದು ಆ ಲೋಫಲ್ಲ," ಎಂದರು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಅತ್ತೆ ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಚೆನ್ನಾಗಿಲ್ವಾ ಅಜ್ಜ?"

"ಚೆನ್ನಾಗಿದೆ. ಏನೋ ಒಂದು ಹೋಗಿದೆ ಅಷ್ಟೇ. ಏನು ತೆಗೆದ್ಯೇ ಮರಿ?"

ಅವರ ಕಣ್ಣು ನೀರು ನೀರಾಗಿ, ತಿಳಿಯಾಗಿ ನನ್ನ ಮೇಲಿತ್ತು. ಪಕ್ಕದಲ್ಲಿ ಮಂಡಿಯೂರಿ ಅವರ ಕಿವಿಗೆ ಹೇಳಿದೆ. ಡಬ್ಬ, ಅದರ ಹಿಂದಿನ ಅಕ್ಷರ, ಆರನೆಯದು, ಒಂಬತ್ತನೆಯದು, ಹದಿನಾಲ್ಕು ವರ್ಷ. ಎಲ್ಲವನ್ನೂ. ಅವರು ತಟ್ಟೆ ನೋಡುತ್ತ ಕೇಳಿಸಿಕೊಂಡರು.

"ಹಂಗಾದ್ರೆ ಅದು ಈರುಳ್ಳಿ ಅಲ್ಲ."

"ಅಲ್ಲ ಅಜ್ಜ."

"ಅದಕ್ಕೇ ನಂಗೆ ಬುಧವಾರದಿಂದ್ಲೇ ಶನಿವಾರದ ಲೋಫಿನ ಆಸೆ ಶುರುವಾಗೋದು," ಎಂದರು. ಬಾಯಿ ಒರೆಸಿಕೊಂಡರು. "ರುಚಿ ನೋಡಿ ಒಪ್ಪಿದೋನು ನಾನೇ ಅಲ್ವಾ?"

ಹೌದೆಂದೆ.

ಪಾಸ್ಟರ್ ಎದ್ದು ನನ್ನ ಪುಟ ಬಿಡಿಸಿದರು. ಅಜ್ಜ ಕೋಲೂರಿ ಎದ್ದು ಕೈ ಚಾಚಿ ಆ ಹಾಳೆ ಇಸಿದುಕೊಂಡರು. ಮೊದಲ ಸಾಲು ಓದಿದರು, ಜೇಬಿನಿಂದ ಪೆನ್ನು ತೆಗೆದರು. ನೂರಿಪ್ಪತ್ತು ಜನರೆದುರು ತೊಂಬತ್ತನ್ನು ಹೊಡೆದು ಅದರ ಮೇಲೆ ಏನೋ ಬರೆದು ನನ್ನ ಕೈಗೆ ಕೊ‌ಟ್ಟರು.

"ಓದು."

ಎಪ್ಪತ್ತಾರು ಎಂದಿತ್ತು.

ಓದಿದೆ. 'ಆರಿನ್ ನೀಲ್ಸನ್ ಎಪ್ಪತ್ತಾರು ವರ್ಷ ಒಂದು ತುತ್ತು ಮಾಂಸ ತಿಂದವರಲ್ಲ.' ಯಾರೋ ನಕ್ಕರು, ಲೆಕ್ಕ ತಪ್ಪಿದೆ ಎಂದುಕೊಂಡು. "ಉಳಿದ ಹದಿನಾಲ್ಕರ ಕಥೆ ಇವಳು ಹೇಳ್ತಾಳೆ. ನೀವೆಲ್ಲ ನನ್ನ ಜೊತೆಗೇ ತಿಂದಿದೀರಿ, ಅದಕ್ಕೆ ಕೇಳಿಸ್ಕೊಳ್ಳಿ," ಎಂದು ಅಜ್ಜ ಕೂತರು.

ಹೇಳಿದೆ. ಏನು ಹೇಳಿದೆನೆಂದು ನೆನಪಿಲ್ಲ. ಹಿಂದಿನ ಸಾಲಿನವರು "ಕೇಳಿಸ್ತಿಲ್ಲ" ಎಂದು ಕೂಗಿದ್ದು, ನಾನು ಕುರ್ಚಿಯ ಮೇಲೆ ಹತ್ತಿದ್ದು ನೆನಪಿದೆ.

ಆಮೇಲೆ ಗದ್ದಲ. ಒಬ್ಬರು ಬಚ್ಚಲಿಗೆ ಓಡಿ ಬಾಯಿ ತೊಳೆದರು. ಇಬ್ಬರು ಅತ್ತೆಯ ಮೇಲೆ ರೇಗಿದರು, ನಾಲ್ವರು ಆ ಇಬ್ಬರ ಮೇಲೆ ರೇಗಿದರು. ಡುವೇನ್ ಎದ್ದು ನಿಂತು "ನಂಗೆ ಗೊತ್ತಿತ್ತು" ಎಂದಷ್ಟೇ ಹೇಳಿ, ಟೋಪಿ ತೆಗೆದುಕೊಂಡು ಹೊರಟುಹೋದರು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅಜ್ಜ ಮಾತ್ರ ತಟ್ಟೆ ಖಾಲಿಮಾಡಿದರು.

ನಾನು ಮಾಡಿದ್ದು ಸರಿಯೋ? ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಆದರೆ ತಲೆಯಾಡಿಸಿ ಮಾತೂ ಕೊಟ್ಟಿದ್ದೆ. ಎರಡೂ ನಾನೇ.

ಅಕ್ಟೋಬರ್ ೩೧, ಬುಧವಾರ

ಅತ್ತೆ ಎರಡು ದಿನ ಡೈನರ್ ತೆರೆಯಲಿಲ್ಲ, ನನ್ನೊಡನೆ ಮಾತಾಡಲಿಲ್ಲ. ಫ್ರಿಜ್ಜಿನ ಮೇಲೆ ಚೀಟಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಹೋದರೆ ಉಗ್ರಾಣದ ಡಬ್ಬ, ಬಾಟಲಿ, ಪೊಟ್ಟಣಗಳೆಲ್ಲ ಕೌಂಟರಿನ ಮೇಲೆ ಸಾಲಾಗಿದ್ದವು. ಅತ್ತೆ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು.

"ಮೊದಲ್ನೇದ್ರಿಂದ ಓದ್ತಾ ಬಾ. ಜೋರಾಗಿ."

ಮಧ್ಯಾಹ್ನದ ತನಕ ಓದಿದೆ. ಕರಿ ಸಾಸಿನಲ್ಲಿ ಮೀನು. ಮಕ್ಕಳ ಜೆಲ್ಲಿಯಲ್ಲಿ ಎಲುಬು. ಕೆಲವಕ್ಕೆ ಅವಳು "ಸರಿ" ಎಂದಳು, ಕೆಲವನ್ನು ನೆಲಕ್ಕಿಳಿಸಿದಳು. ಅರ್ಥವಾಗದ ಹೆಸರು ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಂಥವಕ್ಕೆ ಕಿಟಕಿಯ ಹತ್ತಿರ ಮೂರನೇ ಸಾಲು ಮಾಡಿದೆವು. ಆ ಸಾಲೇ ದೊಡ್ಡದಾಯಿತು.

ಬಾಗಿಲು ತಳ್ಳಿಕೊಂಡು ಡುವೇನ್ ಬಂದರು. ಒಳಗೂ ಬಾರದೆ ಹೊರಗೂ ಹೋಗದೆ ಹೊಸ್ತಿಲ ಮೇಲೆ ನಿಂತರು.

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೋ, ಕಳ್ಳ," ಎಂದಳು ಅತ್ತೆ.

"ತಪ್ಪಾಯ್ತು ಸಿಸ್ಟರ್."

"ಮನೇಲಿ ಹಂದಿಗಿಂದಿ ತಿನ್ಕೊಂಡು ಬಂದ್ಯಾ?"

"ಇಲ್ಲ. ಮೂರು ದಿನ ಕೂತು ಯೋಚ್ನೆ ಮಾಡ್ದೆ. ಲೋಫಿಗೋಸ್ಕರ ಬಂದೋನು ನಾನು, ಈಗ ಲೋಫೇ ಇಲ್ಲ. ಇನ್ನು ಯಾಕಿರ್ಬೇಕು?"

"ಮತ್ತೆ?"

"ಗೊತ್ತಿಲ್ಲ. ಬೆಳಿಗ್ಗೆ ಎದ್ದೆ, ಕಾಲು ಈ ಕಡೆಗೇ ಬಂತು."

ಅತ್ತೆ ಅವರ ಏಪ್ರನ್ನನ್ನು ಮೊಳೆಯಿಂದ ತೆಗೆದು ಎಸೆದಳು. ಅದು ಅವರ ಮುಖಕ್ಕೆ ಬಿತ್ತು.

ಅಜ್ಜ ಮಾಂಸವಿಲ್ಲದ ದಿನಗಳನ್ನು ಹೊಸದಾಗಿ ಎಣಿಸಲು ಶುರುಮಾಡಿದ್ದಾರೆ. ಭಾನುವಾರವನ್ನು ಒಂದು ಎಂದು ಹಿಡಿದಿದ್ದಾರೆ. ಇವತ್ತು ನನಗೆ ನಾಲ್ಕು ಬೆರಳು ತೋರಿಸಿದರು.

ನವೆಂಬರ್ ೬, ಮಂಗಳವಾರ

ಫ್ರೈಸಿನವರ ಉತ್ತರ ಬಂತು. ಬಹಳ ವಿನಯದ ಪತ್ರ. ಸಹಜ ಸ್ವಾದ ದನದ್ದಂತೆ. ಎಣ್ಣೆಯೂ ಮೊದಲು ದನದ ಕೊಬ್ಬೇ ಆಗಿತ್ತಂತೆ.

ನೇರ ಅಜ್ಜನ ಕೋಣೆಗೆ ಹೋಗಿ ಓದಿ ಹೇಳಿದೆ. ಅವರು ಬೆರಳು ಎಣಿಸುತ್ತಿದ್ದರು, ಹತ್ತಕ್ಕೆ ಬಂದಿದ್ದರು. ಎರಡೂ ಕೈ ಮಡಿಲಲ್ಲಿಟ್ಟುಕೊಂಡರು.

"ಮೊನ್ನೆ ಶನಿವಾರ ತಿಂದ್ವಲ್ಲ?"

"ತಿಂದ್ರಿ ಅಜ್ಜ. ಉತ್ತರ ಬರ್ಲಿ ಅಂತ ನಾನು ಸುಮ್ನಿದ್ದೆ. ತಪ್ಪು ನಂದೇ. ಸಂಶಯ ಇದೆ ಅಂತಾದ್ರೂ ಹೇಳ್ಬೇಕಿತ್ತು."

"ಆ ಅಂಗಡಿ ಬಂದಾಗ ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಆಗಿಂದ್ಲೂ ತಿಂತಿದೀನಿ." ಚಾವಣಿ ನೋಡುತ್ತ ಲೆಕ್ಕ ಹಾಕಿದರು. "ಹಂಗಾದ್ರೆ ಎಪ್ಪತ್ತಾರಲ್ಲ. ಮೂವತ್ತಾರು."

ಆಮೇಲೆ ಒಮ್ಮೆಲೇ ಮೈಯೆಲ್ಲ ಅಲುಗುವಂತೆ ನಗತೊಡಗಿದರು. ಕೆಮ್ಮು ಬಂತು, ನೀರು ಕೊಟ್ಟೆ. ಕೆಮ್ಮಿನ ನಡುವೆಯೂ ನಕ್ಕರು. "ಕೊರಿಯಾದಲ್ಲಿ ಎರಡು ವರ್ಷ ಬರೀ ಬ್ರೆಡ್ಡು ಕಣೇ! ಇಷ್ಟಕ್ಕಾಗಿ!" ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ. ಕೈ ಹಿಡಿದುಕೊಂಡು ಕೂತೆ.

"ಭಾನುವಾರ ಒಂದು. ನಿನ್ನೆ ಎರಡು," ಎಂದರು ಕೊನೆಗೆ. "ಇವತ್ತು ಮೂರು. ಬರ್ಕೋ."

ಬರೆದುಕೊಂಡಿದ್ದೇನೆ. ಮೂರು.

ನವೆಂಬರ್ ೧೦, ಶನಿವಾರ

ಸೂರ್ಯ ಮುಳುಗಿದ ಮೇಲೆ ಅಜ್ಜ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ ಅಪ್ಪ?" ಎಂದಳು ಅತ್ತೆ. "ಫ್ರೈಸು ಹೋಯ್ತಲ್ಲ."

"ಮಿಲ್ಕ್‌ಶೇಕ್ ಇನ್ನೂ ಹೋಗಿಲ್ವಲ್ಲ."

ಹೋದೆವು. ಪೆಟ್ಟಿಗೆಯ ಎದುರು ಗಾಜು ಇಳಿಸಿ, ಮಿಲ್ಕ್‌ಶೇಕಿಗೆ ಏನೇನು ಹಾಕುತ್ತೀರಿ, ಗಟ್ಟಿಯಾಗಲು ಏನು ಸೇರಿಸುತ್ತೀರಿ, ಅದು ಯಾವುದರದ್ದು, ಮೇಲಿನ ಕೆಂಪು ಹಣ್ಣಿನ ಬಣ್ಣ ಯಾವುದರಿಂದ ಬಂದದ್ದು ಎಂದು ಕೇಳಿದೆ. ಪೆಟ್ಟಿಗೆ ಸ್ವಲ್ಪ ಹೊತ್ತು ಗೊರಗೊರ ಎಂದಿತು. ಆಮೇಲೆ "ಇರಿ, ಒಳಗೆ ಕೇಳ್ಕೊಂಡು ಬರ್ತೀನಿ" ಎಂದಿತು.

"ಡಬ್ಬ ನೋಡ್ಕೊಂಡೇ ಬನ್ನಿ! ಹಿಂಬದಿ ಓದಿ!" ಎಂದೆ.

ಹಿಂದೆ ಐದಾರು ಕಾರು ಸೇರಿ ಹಾರನ್ನು ಹೊಡೆಯತೊಡಗಿದವು. ಅತ್ತೆ ನನ್ನನ್ನೇ ನೋಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಬಾಯಿ ಸ್ವಲ್ಪ ತೆರೆದಿತ್ತು. ಏನಾಯಿತೆಂದು ಕೇಳಿದರೆ, "ಏನಿಲ್ಲಮ್ಮ" ಎಂದಳು. ಯಾಕೆ ಹಾಗೆ ನೋಡಿದಳೋ.

ಅಜ್ಜ ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಬೆಳಗುತ್ತಿದ್ದ ಕಿಟಕಿಯನ್ನು ನೋಡುತ್ತ ಆರಾಮವಾಗಿ ಕೂತಿದ್ದರು.

"ಎಷ್ಟಾಯ್ತು ಮರಿ?"

"ಏಳು ಅಜ್ಜ."

"ಏಳು," ಎಂದರು. "ಸಾಕು ಬಿಡು. ಲೋಕ ಮಾಡಿ ಸುಧಾರಿಸ್ಕೊಳ್ಳೋಕೆ ದೇವರಿಗೂ ಅಷ್ಟೇ ಬೇಕಾಯ್ತು."

ನಾವು ಕಾದೆವು.